ಶಿಫ್ಟ್ ಹಿಡ್ಕೋ

ಪ್ರಿನ್ಸ್ ಆಫ್ ಪರ್ಷಿಯಾ ಆಟವನ್ನು ಮುಗಿಸಿದ್ದೇನೆ ಅಂತ ನಾನು ಇಪ್ಪತ್ತೈದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಹಳೇ ಗೇಮ್‌ಗಳ ಮಾತು ಬಂದಾಗಲೆಲ್ಲ ಹೇಳಿದ್ದೇನೆ. ಮದುವೆಗೆ ಮುಂಚೆ ಹೆಂಡತಿ ಹತ್ರ ಹೇಳಿ, ಯಾವ ಮೆಚ್ಚುಗೆಯೂ ಸಿಗದೆ ಸುಮ್ಮನಾಗಿದ್ದೇನೆ. ಎಲ್ಲಕ್ಕಿಂತ ಮೊದಲು, 1999ರಲ್ಲಿ, ಎಸ್‌ಟಿಡಿ ಬೂತಿನಿಂದ ಅಣ್ಣನ ಹಾಸ್ಟೆಲ್ಲಿಗೆ ಫೋನ್ ಮಾಡಿ ಹೇಳಿದ್ದೆ. ಅದು ಸುಳ್ಳು.

ನಾನು ಹೇಳ್ತಿರೋದು 1989ರ ಆಟದ ಬಗ್ಗೆ. ಆಮೇಲೆ ಬಂದ ಥ್ರೀಡಿ ಆಟಗಳಲ್ಲ, ಸಿನಿಮಾ ಅಂತೂ ಅಲ್ಲವೇ ಅಲ್ಲ. ಬಿಳಿ ಬಟ್ಟೆಯ ಹುಡುಗ, ನೀಲಿ ಕಲ್ಲಿನ ನೆಲಮಾಳಿಗೆ, ಕಾಲಿಟ್ಟರೆ ಗಡಗಡ ಅಂದು ಕುಸಿಯುವ ಹಾಸುಗಲ್ಲು, ನೆಲದಿಂದ ಛಕ್ಕನೆ ಮೇಲೇಳುವ ಮೊಳೆ. ಹನ್ನೆರಡು ಲೆವೆಲ್, ಆಮೇಲೆ ಜಾಫರ್ ಅನ್ನೋ ಮಂತ್ರಿ, ಮೇಲ್ಗಡೆ ಎಲ್ಲೋ ರಾಜಕುಮಾರಿ. ಎಲ್ಲದಕ್ಕೂ ಸೇರಿ ನಿಮಗೆ ಕೊಡೋದು 60 ನಿಮಿಷ.

ನಮಗೂ ಸಿಗುತ್ತಿದ್ದದ್ದು ಸರಿಯಾಗಿ 60 ನಿಮಿಷವೇ. ಸಾಗರದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರ್ ಕ್ಲಾಸ್ ಇತ್ತು. ವಾರದ ದಿನ ಡಾಸ್, ಫಾಕ್ಸ್‌ಪ್ರೋ ಪಾಠ. ಭಾನುವಾರ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟರೆ ಗೇಮ್. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ದೇವಸ್ಥಾನದ ಥರ. ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು ಆಡ್ತಿದ್ವಿ. ಮೆಷಿನ್ ಆನ್ ಆಗೋದಕ್ಕೆ, ಫ್ಲಾಪಿ ಓದೋದಕ್ಕೆ, ನಮಗಿಂತ ಮುಂಚೆ ಕೂತವರನ್ನು ಎಬ್ಬಿಸೋದಕ್ಕೆ ಐದಾರು ನಿಮಿಷ ಹೋಗೋದು. ಅಂದ್ರೆ ರಾಜಕುಮಾರಿಯ ಕೋಣೆಯ ಮರಳುಗಡಿಯಾರ ಖಾಲಿಯಾಗೋಕೆ ಮುಂಚೆಯೇ ನಮ್ಮ ಗಂಟೆ ಮುಗೀತಿತ್ತು. ಕಂಟ್ರೋಲ್ ಒತ್ತಿ ಜಿ ಒತ್ತಿದರೆ ಆಟ ಸೇವ್ ಆಗುತ್ತೆ ಅನ್ನೋದು ಆ ಇಡೀ ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮ್ಯಾನ್ಯುಯಲ್ ಇದ್ದರೆ ತಾನೇ? ಮೊದಲನೇ ಲೆವೆಲ್ ಆದ ಮೇಲೆ ಒಂದು ಕೋಣೆ ತುಂಬ ಸೀಸೆಗಳು ಬರುತ್ತವೆ, ಒಂದೊಂದಕ್ಕೂ ಒಂದೊಂದು ಅಕ್ಷರ. ಮ್ಯಾನ್ಯುಯಲ್‌ನ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲಕ್ಷರ ಯಾವುದೋ ಆ ಸೀಸೆ ಕುಡಿಯಬೇಕು. ಉಳಿದದ್ದೆಲ್ಲ ವಿಷ. ಕಾಪಿ ಹೊಡೆದವರನ್ನು ಹಿಡಿಯೋಕೆ ಮಾಡಿದ ಉಪಾಯ ಅದು. ನಮಗದು ಲಾಟರಿ. ಎಷ್ಟೋ ಭಾನುವಾರಗಳು ಆ ಕೋಣೆಯಲ್ಲೇ ಸತ್ತಿವೆ.

ಕೀಬೋರ್ಡ್ ನಮ್ಮಿಬ್ಬರಿಗೂ ಹಂಚಿಹೋಗಿತ್ತು. ಬಾಣದ ಗುರುತಿನ ಕೀಗಳು ಅಣ್ಣನಿಗೆ, ಶಿಫ್ಟ್ ನನಗೆ. ಈ ಆಟದಲ್ಲಿ ಓಡೋದು, ಹಾರೋದು, ಹತ್ತೋದು ಎಲ್ಲ ಬಾಣದ ಕೀಗಳಲ್ಲಿ. ಶಿಫ್ಟ್ ಅಂದ್ರೆ ಹಿಡಿತ. ಹಾರಿದಾಗ ಎದುರಿನ ಅಂಚು ಕೈಗೆಟುಕುವಷ್ಟರಲ್ಲಿ ಶಿಫ್ಟ್ ಒತ್ತಿದ್ದರೆ ಜೋತು ಬೀಳ್ತಾನೆ, ಇಲ್ಲದಿದ್ದರೆ ಕೆಳಗೆ. ಹಾಗಂತ ಮೊದಲೇ ಒತ್ತಿಟ್ಟುಕೊಂಡಿರೋ ಹಾಗಿಲ್ಲ. ನಿಂತಲ್ಲಿಂದ ಹೊರಡುವಾಗ ಶಿಫ್ಟ್ ಒತ್ತಿದ್ದರೆ ಅವನು ಓಡೋದಿಲ್ಲ, ಅಮ್ಮನ ಕಣ್ಣು ತಪ್ಪಿಸಿ ಅಡುಗೆಮನೆಗೆ ಹೋಗೋ ಹಾಗೆ ಒಂದು ಸಣ್ಣ ಹೆಜ್ಜೆ ಇಡ್ತಾನೆ. ಹಾಗಾಗಿ ಅಣ್ಣ ಓಡಿಸಿ, ಹಾರಿಸಿ, ‘ಶಿಫ್ಟ್ ಹಿಡ್ಕೋ!’ ಅಂತ ಕೂಗಬೇಕು, ನಾನು ಆಗ ಒತ್ತಬೇಕು. ಅವನು ಕೂಗಿದ್ದು ನನ್ನ ಕಿವಿಗೆ ಬಿದ್ದು ಬೆರಳಿಗೆ ಇಳಿಯೋ ಹೊತ್ತಿಗೆ ರಾಜಕುಮಾರ ಮೊಳೆಗಳ ಮೇಲೆ. ತಪ್ಪು ಯಾವಾಗಲೂ ನನ್ನದೇ. ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅದೇ ಮಾತು. ನೀನು ಕೈಬಿಟ್ಟೆ.

ಈಗ ಡಾಸ್‌ಬಾಕ್ಸ್ ಹಾಕಿಕೊಂಡು, ಎರಡೂ ಕೈ ನನ್ನದೇ ಇಟ್ಟುಕೊಂಡು, ಮೊದಲಿಂದ ಆಡಿದೆ. ಮೊದಲ ಎರಡು ರಾತ್ರಿ ಬರೀ ಸಿಟ್ಟು. ಕೀ ಒತ್ತಿದ ತಕ್ಷಣ ಇವನು ಮಾತು ಕೇಳೋದೇ ಇಲ್ಲ. ಮಾರಿಯೋ ಆಡಿದವರಿಗೆ ಗೊತ್ತು, ಅವನು ಗಾಳಿಯಲ್ಲಿರುವಾಗಲೂ ನಮ್ಮ ಹೆಬ್ಬೆರಳು ಹೇಳಿದ ಕಡೆ ತಿರುಗ್ತಾನೆ. ಈ ರಾಜಕುಮಾರ ಹಾಗಲ್ಲ. ಓಡುತ್ತಿದ್ದವನನ್ನು ನಿಲ್ಲಿಸಿದರೆ ಜಾರಿಕೊಂಡು ಹೋಗಿ ನಿಲ್ತಾನೆ. ತಿರುಗು ಅಂದರೆ ಮೈಯೆಲ್ಲ ತಿರುಗಿಸಿಕೊಂಡು ತಿರುಗ್ತಾನೆ. ನೆಲ ಬಿಟ್ಟ ಮೇಲೆ ನಿಮ್ಮ ಕೈಯಲ್ಲಿ ಉಳಿಯೋದು ಶಿಫ್ಟ್ ಒಂದೇ.

ಇದಕ್ಕೆ ಕಾರಣ ಇದೆ. ಆಟ ಮಾಡಿದವನು ಜೋರ್ಡನ್ ಮೆಕ್ನರ್. ಯೇಲ್‌ನಲ್ಲಿ ಓದಿದವನು, ಅದಕ್ಕೆ ಮುಂಚೆ ಕರಾಟೇಕಾ ಅನ್ನೋ ಆಟ ಮಾಡಿ ಹೆಸರು ಮಾಡಿದ್ದ. 1985ರಲ್ಲಿ ತನ್ನ ತಮ್ಮ ಡೇವಿಡ್‌ನನ್ನು ಬಿಳಿ ಬಟ್ಟೆಯಲ್ಲಿ ಓಡಿಸಿ, ಹಾರಿಸಿ ವಿಡಿಯೋ ತೆಗೆದ. ಆಮೇಲೆ ಆ ವಿಡಿಯೋದ ಒಂದೊಂದೇ ಫ್ರೇಮನ್ನು ತಿದ್ದಿ ಗೆರೆಯಾಗಿಸಿ ಆಪಲ್ ಟೂ ಕಂಪ್ಯೂಟರಿಗೆ ಇಳಿಸಿದ. ರೋಟೋಸ್ಕೋಪ್ ಅಂತಾರೆ ಅದಕ್ಕೆ. ಕತ್ತಿವರಸೆಗೆ 1938ರ ರಾಬಿನ್‌ಹುಡ್ ಸಿನಿಮಾದಲ್ಲಿ ಎರಾಲ್ ಫ್ಲಿನ್ ಕಾದಾಡುವ ಕೆಲವೇ ಸೆಕೆಂಡುಗಳ ತುಣುಕು ಆಧಾರ. ಹಾಗಾಗಿ ಪರದೆ ಮೇಲೆ ಓಡೋದು ಗೊಂಬೆ ಅಲ್ಲ, ಒಬ್ಬ ಹುಡುಗನ ನಿಜವಾದ ಮೈ. ಮೈ ಅಂದ ಮೇಲೆ ಅದಕ್ಕೆ ತೂಕ ಇರುತ್ತೆ, ಓಡಿ ಬಂದ ರಭಸ ಇರುತ್ತೆ. ಸಣ್ಣವನಿದ್ದಾಗ ಇದನ್ನು ನಾನು ‘ಸ್ಲೋ ಗೇಮ್’ ಅಂತಿದ್ದೆ. ನಿಜದಲ್ಲಿ ಅದು ನನ್ನನ್ನು ಎರಡು ಹೆಜ್ಜೆ ಮುಂಚೆ ತೀರ್ಮಾನ ಮಾಡು ಅಂತ ಕೇಳ್ತಿತ್ತು. ಅಂಚಿಗೆ ಬಂದು ಯೋಚಿಸುವವನಿಗೆ ಈ ಆಟದಲ್ಲಿ ಜಾಗ ಇಲ್ಲ.

ಮೂರನೇ ರಾತ್ರಿಗೆ ಕೈ ಕೂತಿತು. ಕೂತ ಮೇಲೆ ಗೊತ್ತಾಗಿದ್ದು, ಈ ಆಟ ಕಷ್ಟ ಹೌದು, ಮೋಸ ಅಲ್ಲ. ಒಂದು ಮಹಡಿ ಬಿದ್ದರೆ ಏನೂ ಆಗಲ್ಲ, ಎರಡು ಮಹಡಿಗೆ ಒಂದು ಜೀವಬಿಂದು ಹೋಗುತ್ತೆ, ಮೂರು ಮಹಡಿಗೆ ಸಾವು. ಇದು ಮೊದಲ ಲೆವೆಲ್‌ನಲ್ಲೂ ಹಾಗೇ, ಕೊನೇ ಲೆವೆಲ್‌ನಲ್ಲೂ ಹಾಗೇ. ಮೊಳೆಗಳ ಮೇಲೆ ಓಡಿದರೆ ಸಾಯ್ತೀರಿ, ಶಿಫ್ಟ್ ಹಿಡಿದು ಮೆಲ್ಲಗೆ ನಡೆದರೆ ಅವು ಏನೂ ಮಾಡಲ್ಲ. ಮೂರನೇ ಲೆವೆಲ್‌ನ ಅಸ್ಥಿಪಂಜರ ಮಾತ್ರ ನಮ್ಮಿಬ್ಬರ ಪಾಲಿಗೆ ಅನ್ಯಾಯದ ಪರಮಾವಧಿಯಾಗಿತ್ತು. ಎಷ್ಟು ಹೊಡೆದರೂ ಸಾಯಲ್ಲ. ಮುಂದೆ ಯಾರೋ ಹೇಳಿಕೊಟ್ಟರು, ಅದನ್ನು ಕೊಲ್ಲೋದಲ್ಲ, ಹಿಂದೆ ತಳ್ಳುತ್ತಾ ಹೋಗಿ ಹಳ್ಳಕ್ಕೆ ಬೀಳಿಸೋದು ಅಂತ. ಈಗ ನೋಡಿದರೆ ಅದೂ ನ್ಯಾಯವೇ. ಎಲುಬಿಗೆ ಕತ್ತಿಯಿಂದ ಏನಾಗಬೇಕು ಹೇಳಿ.

ಇನ್ನು ಗಡಿಯಾರ. ಸತ್ತರೆ ಆಟ ಮುಗಿಯೋದಿಲ್ಲ. ಅದೇ ಲೆವೆಲ್‌ನ ಮೊದಲಿಗೆ ಹೋಗ್ತೀರಿ, ಎಷ್ಟು ಸಲ ಬೇಕಾದರೂ ಸಾಯಬಹುದು. ಹೋಗೋದು ನಿಮಿಷ ಮಾತ್ರ. ಇಂಥ ಶಿಕ್ಷೆಯನ್ನು ನಾನು ಬೇರೆ ಆಟಗಳಲ್ಲಿ ಅಷ್ಟಾಗಿ ಕಂಡಿಲ್ಲ. ಸೇವ್ ಮಾಡಿದರೂ ತಪ್ಪಿಸಿಕೊಳ್ಳೋಕಾಗಲ್ಲ, ನೀವು ಪೋಲು ಮಾಡಿದ ನಿಮಿಷಗಳೂ ಸೇರಿಯೇ ಸೇವ್ ಆಗುತ್ತವೆ. ಒಂದು ವಾರ ಕಷ್ಟಪಟ್ಟು ಒಂಬತ್ತನೇ ಲೆವೆಲ್‌ಗೆ ಬಂದೆ. ಪರದೆ ಕೆಳಗೆ ನೋಡಿದರೆ ಉಳಿದದ್ದು 11 ನಿಮಿಷ. ಆ ಸೇವ್ ಫೈಲ್ ಮೇಲ್ನೋಟಕ್ಕೆ ಸರಿಯಾಗೇ ಇದೆ, ಒಳಗೆ ಸೋತುಹೋಗಿದೆ. ಹೋಮ್ ಲೋನಿನ ಸ್ಟೇಟ್‌ಮೆಂಟ್ ನೋಡಿದವರಿಗೆ ಈ ಭಾವನೆ ಹೊಸದಲ್ಲ. ಡಿಲೀಟ್ ಮಾಡಿ ಮತ್ತೆ ಒಂದನೇ ಲೆವೆಲ್‌ನಿಂದ ಹೊರಟೆ.

2003ರಲ್ಲಿ ಸ್ಯಾಂಡ್ಸ್ ಆಫ್ ಟೈಮ್ ಬಂತು. ಮೆಕ್ನರ್ ಅದರಲ್ಲೂ ಇದ್ದ. ಅಲ್ಲಿ ರಾಜಕುಮಾರನ ಕೈಯಲ್ಲಿ ಒಂದು ಕಠಾರಿ. ತಪ್ಪು ಹಾರಿದರೆ ಕಾಲವನ್ನೇ ಹಿಂದಕ್ಕೆ ಸುತ್ತಿ ಅಂಚಿಗೆ ವಾಪಸ್ ಬರಬಹುದು. ಸೊಗಸಾದ ಆಟ, ಜಗಳ ಇಲ್ಲ. ಆದರೆ ಅದರಲ್ಲಿ ನನಗೆ ಒಂದು ಹಾರಿಕೆಯೂ ನೆನಪಿಲ್ಲ. ಹಳೇದರಲ್ಲಿ ಮೂರನೇ ಲೆವೆಲ್‌ನ ಗೇಟು, ಗುಂಡಿ ಒತ್ತಿ ತಿರುಗಿ ಓಡಿ, ಎರಡು ಕಂದಕ ಹಾರಿ, ಇಳಿಯುತ್ತಿರೋ ಸರಳುಗಳ ಅಡಿ ನುಸುಳೋದು, ನನಗೆ ಈಗ ನಿದ್ದೆಯಲ್ಲೂ ಬರುತ್ತೆ.

ಈಗ ಸುಳ್ಳಿನ ವಿಷಯ. 1999ರ ಮಳೆಗಾಲಕ್ಕೆ ಅಣ್ಣ ಎಂಜಿನಿಯರಿಂಗ್ ಓದೋಕೆ ಮೈಸೂರಿಗೆ ಹೋದ. ನಾವಿಬ್ಬರೂ ಸೇರಿ ದಾಟಿದ್ದು ಮೂರು ಲೆವೆಲ್. ನಾಲ್ಕನೆಯದರ ಕನ್ನಡಿ ಹತ್ರ ನಿಂತುಹೋಗಿದ್ವಿ. ಅವನು ಹೋದ ಮೇಲೆ ಕ್ಲಾಸಿನ ಹುಡುಗನೊಬ್ಬ ಮಂತ್ರ ಹೇಳಿಕೊಟ್ಟ. ‘ಪ್ರಿನ್ಸ್’ ಅಂತ ಟೈಪ್ ಮಾಡೋ ಜಾಗದಲ್ಲಿ ‘ಪ್ರಿನ್ಸ್ ಮೆಗಾಹಿಟ್’ ಅಂತ ಟೈಪ್ ಮಾಡಬೇಕು. ಆಮೇಲೆ ಶಿಫ್ಟ್ ಎಲ್ ಒತ್ತಿದರೆ ಲೆವೆಲ್ ದಾಟುತ್ತೆ, ಕೆ ಒತ್ತಿದರೆ ಎದುರಿಗಿದ್ದವನು ಸಾಯ್ತಾನೆ. ಹತ್ತೇ ನಿಮಿಷದಲ್ಲಿ ಜಾಫರ್ ಎದುರಿಗಿದ್ದೆ. ಕೆ ಒತ್ತಿದೆ. ರಾಜಕುಮಾರಿ ಓಡಿ ಬಂದು ಅಪ್ಪಿಕೊಂಡಳು. ಉಳಿದ ಐವತ್ತು ನಿಮಿಷ ಏನು ಮಾಡಿದೆ ಅಂತ ನೆನಪಿಲ್ಲ. ಸಂಜೆ ಬೂತಿಗೆ ಹೋಗಿ ಫೋನ್ ಮಾಡಿದೆ. ‘ಒಬ್ಬನೇ?’ ಅಂತ ಕೇಳಿದ. ಹೌದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ, ಮೀಟರ್ ಓಡ್ತಾ ಇತ್ತು.

ಈ ಸಲ ಕನ್ನಡಿ ದಾಟಿದೆ. ಅದನ್ನು ಒಡೆಯೋಕೆ ಆಗಲ್ಲ, ಸುತ್ತಿ ಹೋಗೋಕೆ ಆಗಲ್ಲ. ಓಡಿ ಬಂದು ಅದರೊಳಕ್ಕೇ ಹಾರಬೇಕು. ಹಾರಿದಾಗ ಇನ್ನೊಂದು ಬದಿಯಿಂದ ಒಬ್ಬ ನೆರಳಿನ ಮನುಷ್ಯ ಹೊರಗೆ ಹಾರ್ತಾನೆ, ನಿಮ್ಮ ಜೀವ ಒಂದು ಬಿಂದುವಿಗೆ ಇಳಿಯುತ್ತೆ. ಮುಂದಿನ ಲೆವೆಲ್‌ನಲ್ಲಿ ನಿಮಗಿಂತ ಮುಂಚೆ ಬಂದು ನಿಮ್ಮ ಮದ್ದಿನ ಸೀಸೆ ಕುಡಿದು ಹೋಗ್ತಾನೆ. ಅದರ ಮುಂದಿನದರಲ್ಲಿ ಗುಂಡಿ ಮೆಟ್ಟಿ ನಿಮ್ಮ ಮುಖಕ್ಕೇ ಗೇಟು ಹಾಕಿ ಕೆಳಗೆ ಬೀಳಿಸ್ತಾನೆ.

ಈ ನೆರಳು ಹುಟ್ಟಿದ್ದು ಬಡತನದಿಂದ. ಆಟದಲ್ಲಿ ಕಾದಾಟ ಬೇಕೇ ಬೇಕು ಅಂತ ಸಹೋದ್ಯೋಗಿ ಟೋಮಿ ಪಿಯರ್ಸ್ ಪಟ್ಟು ಹಿಡಿದಿದ್ದರು. ಮೆಕ್ನರ್ ಹತ್ರ ಮೆಮೊರಿ ಖಾಲಿ. ತಮ್ಮನ ಚಿತ್ರಗಳೇ ಆಪಲ್ ಟೂವಿನ ಜಾಗವನ್ನೆಲ್ಲ ತಿಂದಿದ್ದವು, ಇನ್ನೊಬ್ಬ ಮನುಷ್ಯನಿಗೆ ಜಾಗ ಇರಲಿಲ್ಲ. ಹಾಗಾದರೆ ಇರುವವನನ್ನೇ ಎರಡು ಮಾಡೋಣ ಅಂತಾಯ್ತು. ಅದೇ ಚಿತ್ರವನ್ನು ಒಂದೇ ಒಂದು ಬಿಟ್ ಸರಿಸಿ, ಮೂಲದ ಜತೆ ಎಕ್ಸಾರ್ ಮಾಡಿದ. ಒಂದೇ ಥರ ಇದ್ದದ್ದು ಅಳಿಸಿಹೋಗಿ ಅಂಚುಗಳು ಮಾತ್ರ ಮಿನುಗುತ್ತ ಉಳಿದವು. ಅಷ್ಟೇ, ನೆರಳು ತಯಾರು. ಕೋಡ್ ಬರೆದು ಹೊಟ್ಟೆ ಹೊರೆಯುವವನಾಗಿ ಹೇಳ್ತೀನಿ, ಇಂಥದ್ದೊಂದು ಸಾಲು ಬರೆದಿದ್ದರೆ ನಾನು ಮರುದಿನ ರಜೆ ಹಾಕುತ್ತಿದ್ದೆ. ಆ ಮೂಲ ಕೋಡ್ ಕಳೆದೇ ಹೋಯ್ತು ಅಂದುಕೊಂಡಿದ್ದರು. 2012ರಲ್ಲಿ ಅವನ ಅಪ್ಪನಿಗೆ ಮನೆಯ ಹಳೇ ಡಬ್ಬದಲ್ಲಿ ಫ್ಲಾಪಿಗಳು ಸಿಕ್ಕವು; ಈಗ ಗಿಟ್‌ಹಬ್‌ನಲ್ಲಿದೆ.

ಹನ್ನೆರಡನೇ ಲೆವೆಲ್‌ನಲ್ಲಿ ನೆರಳು ಕತ್ತಿ ಹಿಡಿದು ಎದುರು ನಿಲ್ಲುತ್ತೆ. ನಾನು ಹೊಡೆದೆ. ನನ್ನದೇ ಜೀವ ಒಂದು ಕಮ್ಮಿಯಾಯ್ತು. ಮತ್ತೆ ಹೊಡೆದೆ, ಮತ್ತೆ ಕಮ್ಮಿ. ಮೂರು ಸಲ ಸತ್ತ ಮೇಲೆ ಕತ್ತಿ ಒರೆಗೆ ಹಾಕಿ ನೋಡಿದೆ. ಅದೂ ಹಾಕಿತು. ನಡೆದು ಹೋದೆ, ಒಳಗೆ ಸೇರಿಕೊಂಡಿತು. ಒಂದು ಅಕ್ಷರದ ಸೂಚನೆಯಿಲ್ಲ, ಸಂಭಾಷಣೆಯಿಲ್ಲ. ಹನ್ನೊಂದು ಲೆವೆಲ್ ಹೊಡಿ ಹೊಡಿ ಅಂತ ಕಲಿಸಿದ ಆಟ ಇಲ್ಲಿ ಮಾತ್ರ ಕತ್ತಿ ಇಳಿಸು ಅನ್ನುತ್ತೆ. ಆಮೇಲೆ ಎದುರಿಗೆ ಬರೀ ಶೂನ್ಯ. ಅದರೊಳಕ್ಕೆ ಓಡಿದರೆ ಕಾಲ ಕೆಳಗೆ ಒಂದೊಂದೇ ಹಾಸುಗಲ್ಲು ಮೂಡುತ್ತೆ. ರಾತ್ರಿ ಒಂದೂವರೆಗೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಅಯ್ಯೋ ಅಂತ ಗಟ್ಟಿಯಾಗಿ ಅಂದಿದ್ದೆನಂತೆ. ಹೆಂಡತಿ ಬೆಳಿಗ್ಗೆ ಹೇಳಿದಳು. ಶಿಫ್ಟ್ ಎಲ್ ಒತ್ತಿ ನಾನು ಹಾರಿಸಿಕೊಂಡು ಹೋಗಿದ್ದು ಈ ಆಟದ ಈ ಜಾಗವನ್ನು.

ಎಲ್ಲ ಲೆವೆಲ್ಲೂ ಹೀಗಿಲ್ಲ. ಏಳರಿಂದ ಹತ್ತರವರೆಗೆ ಬಹಳ ಕಡೆ ಬರೀ ಗೇಟು, ಗುಂಡಿ, ಮತ್ತೆ ಗೇಟು. ಪರದೆಯನ್ನೇ ತಲೆಕೆಳಗು ಮಾಡೋ ಸೀಸೆಯೊಂದಿದೆ, ಅದು ತಮಾಷೆಗಿಂತ ಕಿರಿಕಿರಿ. ರಾಜಕುಮಾರಿ ಇಡೀ ಆಟದಲ್ಲಿ ಮಾಡೋ ಒಂದೇ ಕೆಲಸ ಇಲಿ ಕಳಿಸೋದು. ಆ ಇಲಿ ಬಂದು ಎಂಟನೇ ಲೆವೆಲ್‌ನ ಗೇಟು ತೆಗೆಯುತ್ತೆ. ಅವಳಿಗಿಂತ ಇಲಿಗೇ ಹೆಚ್ಚು ಕೆಲಸ. ಪರ್ಷಿಯಾ ಅನ್ನೋದು ಅರೇಬಿಯನ್ ನೈಟ್ಸ್ ಓದಿದ ಅಮೆರಿಕದವನ ಪರ್ಷಿಯಾ, ರುಮಾಲು ಮತ್ತು ಕಮಾನು ಬಿಟ್ಟರೆ ಮತ್ತೇನಿಲ್ಲ. ಜಾಫರ್ ಜತೆಗಿನ ಕಾದಾಟ ಕೂಡ, ನಿಜ ಹೇಳಬೇಕೆಂದರೆ, ನೆರಳಿನ ಮುಂದೆ ಸಪ್ಪೆ.

ಆದರೂ ಅವನು ಬಿದ್ದಾಗ ಉಳಿದದ್ದು 4 ನಿಮಿಷ. ಕೈ ನಡುಗ್ತಿತ್ತು. ಪರದೆಯ ಫೋಟೋ ತೆಗೆದು ಅಣ್ಣನಿಗೆ ವಾಟ್ಸಾಪ್ ಮಾಡಿದೆ. ಈಗ ನಮ್ಮಿಬ್ಬರ ಚಾಟ್ ತೆಗೆದು ನೋಡಿದರೆ ಅಮ್ಮನ ಬಿಪಿ ಮಾತ್ರೆ, ಮನೆಯ ಹೆಂಚು ಬದಲಾಯಿಸಿದ ಖರ್ಚು, ಹಬ್ಬದ ಶುಭಾಶಯದ ಚಿತ್ರಗಳು. ಅವುಗಳ ಮಧ್ಯೆ ಈ ಬಿಳಿ ಬಟ್ಟೆಯ ಹುಡುಗ.

ಬೆಳಿಗ್ಗೆ ಉತ್ತರ ಬಂದಿತ್ತು. ‘ಶಿಫ್ಟ್ ಯಾರು ಹಿಡ್ಕೊಂಡಿದ್ರು?’ ಅದರ ಕೆಳಗೆ ಇನ್ನೊಂದು: ‘ಮತ್ತೆ ಮುಗಿಸಿದ್ಯಾ?’

ಹೌದು ಅಂತ ಟೈಪ್ ಮಾಡಿದೆ. ಅಳಿಸಿದೆ. ಸ್ನಾನ ಮಾಡಿ ಬಂದು, ಕಾಫಿ ಕುಡಿದು, ‘ಮತ್ತೆ ಅಲ್ಲ, ಮೊದಲನೇ ಸಲ’ ಅಂತ ಕಳಿಸಿದೆ. ಎರಡು ನೀಲಿ ಗೀಟು ಬಂದವು. ಮೇಲ್ಗಡೆ ಟೈಪಿಂಗ್ ಅಂತ ತೋರಿಸಿ ನಿಂತುಹೋಯ್ತು. ಆಮೇಲೆ ಫೋನ್ ರಿಂಗಾಯಿತು.