ಹಳೆ ಹವಾಯಿ ಗಿಟಾರಿಗೆ ಕೀ ಹುಡುಕುವಾಗ

ಹಳೆಯ ಹವಾಯಿ ಗಿಟಾರ್ ಕೈಗೆ ಬಂದರೆ ಬಹಳ ಮಂದಿ ಮೊದಲು ಅದರ ಹೊಟ್ಟೆ ನೋಡುತ್ತಾರೆ. ಮರ ಬಿರಿದಿದೆಯೇ, ಬ್ರಿಜ್ ಎದ್ದಿದೆಯೇ, ಪಾಲಿಶ್ ಹೋಗಿದೆಯೇ ಎಂದು ತಡವುತ್ತಾರೆ. ನಾನು ತಲೆ ನೋಡುತ್ತೇನೆ. ಮರ ಬಿರಿದಿದ್ದರೆ ಬಡಿಗರಿದ್ದಾರೆ. ತಂತಿ ಬಿಗಿಯುವ ಕೀಗಳ ಹಲ್ಲು ಸವೆದಿದ್ದರೆ ಬೀದರಿನಂಥ ಊರಿನಲ್ಲಿ ಅದಕ್ಕೆ ಜೋಡಿ ಹುಡುಕಿ ತರುವುದೇ ದೊಡ್ಡ ಕೆಲಸ.

ಈ ವಾದ್ಯ ನಮಗೆ ಬಂದದ್ದು ಬಹುಮಟ್ಟಿಗೆ ಕೋಲ್ಕತ್ತದ ದಾರಿಯಿಂದ. 1940ರ ದಶಕದಲ್ಲಿ ಹವಾಯಿಯ ಟಾವ್ ಮೋ ಕುಟುಂಬ ಅಲ್ಲಿ ನೆಲೆಸಿ ನುಡಿಸಿತು, ಕಲಿಸಿತು. ಆಮೇಲೆ ವ್ಯಾನ್ ಶಿಪ್ಲಿ, ಸುನಿಲ್ ಗಂಗೂಲಿ ಅವರು ಹಿಂದಿ ಸಿನಿಮಾ ಹಾಡುಗಳನ್ನು ತಂತಿಯ ಮೇಲೆ ಜಾರಿಸಿದ ರೆಕಾರ್ಡುಗಳು ಊರೂರಿಗೂ ಹೋದವು. ಬ್ರಿಜ್ ಭೂಷಣ್ ಕಾಬ್ರಾ 1967ರ ‘ಕಾಲ್ ಆಫ್ ದಿ ವ್ಯಾಲಿ’ ರೆಕಾರ್ಡಿನಲ್ಲಿ ಸಂತೂರ್, ಬಾನ್ಸುರಿಯ ಪಕ್ಕದಲ್ಲಿ ಗಿಟಾರನ್ನು ಕೂರಿಸಿದರು. ಇಂದು ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅದರಲ್ಲೇ ಹಿಂದುಸ್ತಾನಿ ನುಡಿಸುತ್ತಾರೆ.

ಅಮೆರಿಕದಲ್ಲಿ ಇದೇ ವಾದ್ಯ ಕಾಲು ಪಡೆದು ಪೆಡಲ್ ಸ್ಟೀಲ್ ಗಿಟಾರ್ ಆಯಿತು. ತಲಾ ಹತ್ತು ತಂತಿಯ ಎರಡು ನೆಕ್ ಇರುವ ಪೆಡಲ್ ಸ್ಟೀಲಿಗೆ 20 ಕೀ. ಅದರಲ್ಲಿ ಒಂದು ಹಾಳಾದರೂ ಉಳಿದ 19ಕ್ಕೆ ಹೊಂದುವ ಇಪ್ಪತ್ತನೆಯದನ್ನು ಹುಡುಕಬೇಕು. ಹಳೆಯ ಅಮೆರಿಕನ್ ವಾದ್ಯಗಳಲ್ಲಿ ಹೆಚ್ಚಾಗಿ ಕಾಣುವ ಕ್ಲೂಸನ್ ಕೀಗಳ ಶಿಕಾಗೊ ಕಂಪನಿ 1980ರ ದಶಕದ ಆರಂಭದಲ್ಲೇ ಬಾಗಿಲು ಹಾಕಿತು. ಹೆಸರು ಮುಂದಿನ ದಶಕದಲ್ಲಿ ಬೇರೆಯವರ ಕೈಯಲ್ಲಿ ಮರಳಿ ಬಂತು. ಹಾಗಾಗಿ ಹಳೆಯ ಕೀ ಬೇಕಾದವರು ಇನ್ನೊಂದು ಹಳೆಯ ಗಿಟಾರಿನ ತಲೆಯನ್ನೇ ಹುಡುಕುತ್ತಾರೆ. ನಮ್ಮದು ಆರು ಕೀಗಳ ಕಷ್ಟ, ಆದರೂ ಜಾತಿ ಅದೇ.

ಕೀ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಸಾಮಾನ್ಯ ಗಿಟಾರಿನಲ್ಲಿ ತಂತಿ ಕೊಂಚ ಇಳಿದಿದ್ದರೆ ಬೆರಳು ಎಳೆದು ಸರಿದೂಗಿಸಬಹುದು. ಹವಾಯಿ ಗಿಟಾರಿನಲ್ಲಿ ಎಡಗೈಯಲ್ಲಿರುವುದು ನೇರವಾದ ಉಕ್ಕಿನ ಬಾರ್. ಅದು ಎಲ್ಲ ತಂತಿಗಳ ಮೇಲೂ ಒಂದೇ ಗೆರೆಯಲ್ಲಿ ಕೂರುತ್ತದೆ. ಒಂದು ತಂತಿ ಜಾರಿದರೆ ಆ ಗೆರೆಯಲ್ಲಿ ಹುಟ್ಟುವ ಕಾರ್ಡ್ ಇಡಿಯಾಗಿ ಕೆಡುತ್ತದೆ, ಬಾರ್ ಎಲ್ಲಿಗೆ ಸರಿಸಿದರೂ ಕೆಟ್ಟೇ ಇರುತ್ತದೆ.

ಆದರೂ ಹೊಸ ಕೀ ತರುವ ಮೊದಲು ಹಳೆಯದಕ್ಕೆ ಒಂದು ಅವಕಾಶ ಕೊಡಿ. ನಮ್ಮ ಕಡೆ ಸಿಗುವ ಗಿಟಾರುಗಳಲ್ಲಿ ಹೆಚ್ಚಾಗಿ ಒಂದೇ ತಗಡಿನ ಪಟ್ಟಿಯ ಮೇಲೆ ಮೂರು ಕೀ. ಹಿಂದೆ ಮುಚ್ಚಳವಿಲ್ಲ, ಸ್ಕ್ರೂವಿನಂಥ ವರ್ಮ್ ಮತ್ತು ಹಿತ್ತಾಳೆಯ ಹಲ್ಲುಚಕ್ರ ಕಣ್ಣಿಗೇ ಕಾಣುತ್ತವೆ. ಅಲ್ಲಿ ಎಣ್ಣೆ, ಧೂಳು ಸೇರಿ ಕಪ್ಪು ಮೇಣದಂತೆ ಗಟ್ಟಿಯಾಗಿರುತ್ತದೆ. ಪಟ್ಟಿ ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ಎಷ್ಟೋ ಕೀ ಮತ್ತೆ ತಿರುಗುತ್ತವೆ. ಚಕ್ರದ ನಡುವಿನ ಸ್ಕ್ರೂ ಸಡಿಲವಾಗಿದ್ದರೆ ಬಿಗಿಮಾಡಿ. ಹಲ್ಲು ಒಂದೇ ಕಡೆ ಸವೆದಿದ್ದರೆ ತಂತಿಯನ್ನು ಅರ್ಧ ಸುತ್ತು ಹೆಚ್ಚು ಸುತ್ತಿ ನೋಡಿ. ಸ್ವರಕ್ಕೆ ನಿಂತಾಗ ಭಾರ ಹೊಸ ಹಲ್ಲಿನ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಗುಂಡಿ ಕುಗ್ಗಿ ಪುಡಿಯಾಗಿದ್ದರೆ ಗುಂಡಿಯನ್ನಷ್ಟೇ ಬದಲಿಸಿ. ಸೋಲ್ಡರಿಂಗ್ ಐರನ್ನಿನಿಂದ ಲೋಹದ ಕಡ್ಡಿಯನ್ನು ಹದವಾಗಿ ಬಿಸಿಮಾಡಿ ಹೊಸ ಗುಂಡಿ ಒತ್ತಿದರೆ ಕಚ್ಚಿಕೊಂಡು ಕೂರುತ್ತದೆ.

ಇಷ್ಟಾದರೂ ಆಗದಿದ್ದರೆ ಪೇಟೆಗೆ ಹೋಗಬೇಕು. ಹೋಗುವಾಗ ಜೇಬಿನಲ್ಲಿ ಹಳೆಯ ಪಟ್ಟಿ ಮತ್ತು ವರ್ನಿಯರ್ ಇರಲಿ. ತಂತಿ ಸುತ್ತುವ ಕಂಬದಿಂದ ಕಂಬಕ್ಕೆ ಅಂತರ ಎಷ್ಟು? ಕ್ಲಾಸಿಕಲ್ ಗಿಟಾರಿನ ಪಟ್ಟಿಗಳಲ್ಲಿ ಇಂದು 35 ಮಿ.ಮೀ. ರೂಢಿ, ಹಳೆಯವುಗಳಲ್ಲಿ 39 ಮಿ.ಮೀ. ಕೂಡ ಸಿಗುತ್ತದೆ. ಅರ್ಧ ಮಿಲಿಮೀಟರ್ ವ್ಯತ್ಯಾಸವೆಂದು ಉಪೇಕ್ಷೆ ಮಾಡಿದರೆ ಮೂರನೆಯ ಕಂಬದ ಹೊತ್ತಿಗೆ ಅದು ಒಂದು ಮಿಲಿಮೀಟರ್ ಆಗಿ, ಕಂಬ ತೂತಿಗೆ ಇಳಿಯುವುದೇ ಇಲ್ಲ. ಕಂಬದ ದಪ್ಪವನ್ನೂ ಅಳೆಯಿರಿ: ಹಳೆಯದು ಸಾಮಾನ್ಯವಾಗಿ ಕಾಲು ಇಂಚು, ಅಂದರೆ 6.35 ಮಿ.ಮೀ. ಈಗಿನ ಮುಚ್ಚಿದ ಕೀಗಳು ಕೇಳುವುದು 10 ಮಿ.ಮೀ. ತೂತು. ಕೊನೆಯದು, ತಂತಿಯ ಎಳೆತ ಚಕ್ರವನ್ನು ವರ್ಮ್ ಕಡೆಗೆ ಒತ್ತುವಂತಿರಬೇಕು.

ಹೈದರಾಬಾದಿನ ಅಂಗಡಿಗಳಲ್ಲಿ ಹೊಸ ಮುಚ್ಚಿದ ಕೀಗಳ ಸೆಟ್ಟನ್ನೇ ಮುಂದೆ ಇಡುತ್ತಾರೆ, "ಡ್ರಿಲ್ ಹೊಡೆಸಿ, ಕೂರುತ್ತೆ" ಎನ್ನುತ್ತಾರೆ. ಹೊಡೆಸಬೇಡಿ. ಒಮ್ಮೆ ಅಗಲವಾದ ತೂತು ಮೊದಲಿನ ಹಾಗೆ ಆಗದು. ಕೋಲ್ಕತ್ತದ ಲಾಲ್‌ಬಜಾರ್ ಕಡೆಯ ವಾದ್ಯದ ಅಂಗಡಿಗಳಲ್ಲಿ ಹಳೆಯ ಮಾದರಿಯ ಪಟ್ಟಿ ಕೇಳಿ. ಆ ಗಿಟಾರುಗಳ ತವರು ಅದು. ಕವ್ವಾಲಿಯ ಬೆಂಜೊಗೆ ಹಾಕುವ ಕೀ ಕೊಟ್ಟರೆ ಬೇಡವೆನ್ನಿ, ಅದರ ರಚನೆಯೇ ಬೇರೆ. ತಂಬೂರಿಯವರ ಭಾಗ್ಯ ದೊಡ್ಡದು. ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಪಡೆದ ಮಿರಜ್‌ನ ಕುಶಲಕರ್ಮಿಗಳು ತೂತಿಗೆ ತಕ್ಕಂತೆ ಮರದ ಬಿರಡೆ ಕೆತ್ತಿಕೊಡುತ್ತಾರೆ.

ಹಿಂದೆ ಯಾರೋ ತೂತು ಅಗಲ ಮಾಡಿಬಿಟ್ಟ ಗಿಟಾರೊಂದಕ್ಕೆ ಪರಿಹಾರ ಸಿಕ್ಕಿದ್ದು ಇಲ್ಲೇ, ಬೀದರಿನ ಗಾಂಧಿ ಗಂಜಿನಲ್ಲಿ. ಅಡತ್ ಅಂಗಡಿಗಳ ಸಾಲು ದಾಟಿ, ದಾಲ್ ಮಿಲ್ಲಿನ ಬಿಡಿಭಾಗ ಕಡೆಯುವ ಲೇತ್ ಮೇಸ್ತ್ರಿಯೊಬ್ಬರ ಮುಂದೆ ಅಳತೆ ಬರೆದ ಚೀಟಿ ಇಟ್ಟೆ: ಹೊರಗೆ 10 ಮಿ.ಮೀ., ಒಳಗೆ 6.35ಕ್ಕಿಂತ ಕೂದಲೆಳೆ ಹೆಚ್ಚು. "ಇಷ್ಟು ಸಣ್ಣ ಬುಷ್ ಯಾವ ಮಷೀನಿಗ್ರೀ?" ಎಂದು ಕೇಳಿದರು. ಹಿತ್ತಾಳೆ ರಾಡಿನಿಂದ ಆರು ಬುಷ್ ಕಡೆದುಕೊಟ್ಟರು. ಹಳೆಯ ಅಳತೆಯ ಕೀ ಸಡಿಲವಿಲ್ಲದೆ ಕೂತಿತು.

ಬಿದರಿ ಕುಸುರಿಯ ಗುಂಡಿ ಹಾಕಿಸಬೇಕೆಂಬ ಆಸೆ ನನಗೂ ಇದೆ. ಕಪ್ಪು ನೆಲದ ಮೇಲೆ ಬೆಳ್ಳಿಯ ಬಳ್ಳಿ ಗಿಟಾರಿನ ತಲೆಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಗುಂಡಿಗೆ ಮಾತ್ರ. ಬಿದರಿ ಲೋಹದಲ್ಲಿ ತಾಮ್ರಕ್ಕಿಂತ ಸತುವು ಎಷ್ಟೋ ಪಟ್ಟು ಹೆಚ್ಚು; ಉಕ್ಕಿನ ತಂತಿಯ ಎಳೆತ ಹೊರುವ ಹಲ್ಲುಚಕ್ರಕ್ಕೆ ಅದು ಆಗದು.

ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳ ಅಟ್ಟದಲ್ಲಿ ಆರ್ಕೆಸ್ಟ್ರಾ ಕಾಲದ ಗಿಟಾರ್ ಉಳಿದಿದ್ದರೆ ಒಂದು ವಿನಂತಿ. ಮರ ಕೈಬಿಟ್ಟರೂ ಗುಜರಿಗೆ ಹಾಕುವ ಮುನ್ನ ಕೀ ಪಟ್ಟಿ, ಸ್ಕ್ರೂಗಳನ್ನು ಬಿಚ್ಚಿ ಒಂದು ಲಕೋಟೆಯಲ್ಲಿಟ್ಟು ಅಳತೆ ಬರೆದಿಡಿ. ಇನ್ನೊಂದು ಗಿಟಾರ್ ರಿಪೇರಿ ಮಾಡುವವರಿಗೆ ಬೇಕಾಗಿರುವುದು ಅದೇ ಆಗಿರಬಹುದು.