ಕಲಾವಿದನ ಮಾತು, ನೋಡುಗನ ಕಣ್ಣು

ಚಿತ್ರ ಪ್ರದರ್ಶನವೆಂದರೆ ಕಲಾವಿದರ ಮಾತೂ ಇರಬೇಕು ಎಂಬುದು ಗ್ಯಾಲರಿಗಳಲ್ಲಿ ರೂಢಿಯಾಗಿದೆ. ಇದು ಸ್ವಾಗತಾರ್ಹವೇ. ಆದರೆ ಮಾತು ಮುಗಿದು ಎದ್ದು ಹೊರಟವನಿಗೆ ಚಿತ್ರ ಹತ್ತಿರವಾಯಿತೇ, ಇನ್ನಷ್ಟು ದೂರವಾಯಿತೇ ಎಂದು ನಾವು ಕೇಳಿಕೊಳ್ಳುವುದಿಲ್ಲ.

ಎಸ್.ಎಚ್. ರಝಾ (1922-2016) ತಮ್ಮ ಬಾಲ್ಯದ ಒಂದು ಘಟನೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಮಧ್ಯಪ್ರದೇಶದ ಹಳ್ಳಿಶಾಲೆಯಲ್ಲಿ ಮನಸ್ಸು ನಿಲ್ಲದ ಹುಡುಗನಿಗೆ ಮೇಷ್ಟ್ರು ಗೋಡೆಯ ಮೇಲೊಂದು ಚುಕ್ಕಿ ಇಟ್ಟು ಅದನ್ನೇ ನೋಡುತ್ತಿರು ಎಂದರಂತೆ. ಸೊಗಸಾದ ಕಥೆ. ಆದರೆ ಇಂದು ರಝಾರ 'ಬಿಂದು' ಚಿತ್ರಗಳ ಮುಂದೆ ನಿಂತವರು ಬಣ್ಣ ನೋಡುವುದಕ್ಕೆ ಮೊದಲೇ ಈ ಕಥೆಯನ್ನು ನೆನೆಯುತ್ತಾರೆ. ಕಪ್ಪಿನ ಪಕ್ಕದಲ್ಲಿ ಕೆಂಪು ಹೇಗೆ ಉರಿಯುತ್ತಿದೆ ಎಂದು ನೋಡುವ ಕೆಲಸ ಬಾಕಿ ಉಳಿಯುತ್ತದೆ.

ಕಲಾವಿದ ಅರ್ಥ ಹೇಳಲೇಬಾರದೆಂದಲ್ಲ. ಗಾಲಿಬ್ ಕೂಡ ಗೆಳೆಯರು ಕೇಳಿದಾಗ ತನ್ನ ಕೆಲವು ಶೇರ್‌ಗಳನ್ನು ಪತ್ರಗಳಲ್ಲಿ ಬಿಡಿಸಿ ಹೇಳಿದ್ದಾನೆ. ಅಷ್ಟಕ್ಕೆ ಉರ್ದು ಓದುಗರು ಸುಮ್ಮನಾಗಲಿಲ್ಲ. ಅವನ ದೀವಾನಿಗೆ ವ್ಯಾಖ್ಯಾನಗಳು ಬರುತ್ತಲೇ ಇವೆ. ಕವಿಯ ವಿವರಣೆಯನ್ನು ಅವರು ಗೌರವದಿಂದ ಕೇಳಿದರು, ಶೇರನ್ನು ಮಾತ್ರ ತಾವೇ ಓದಿಕೊಂಡರು. ಚಿತ್ರ ನೋಡುವವರಿಗೂ ಇಷ್ಟು ಧೈರ್ಯ ಬೇಕು.

ಬರೋಡಾದ ಗುಲಾಮ್ ಮೊಹಮ್ಮದ್ ಶೇಖ್ ಅವರ ಉದಾಹರಣೆ ಇಲ್ಲಿ ಉಪಯುಕ್ತ. ಅವರು ಚಿತ್ರಕಾರರು, ಗುಜರಾತಿ ಕವಿ, ಕಲಾ ಇತಿಹಾಸದ ಮೇಷ್ಟ್ರೂ ಹೌದು. 1969ರಿಂದ 73ರ ನಡುವೆ ಅವರು ಬರೆದ, ಬಹುಕಾಲದ ಮೇಲೆ ಮನೆಗೆ ಮರಳುವ ಚಿತ್ರದಲ್ಲಿ ಪರ್ಶಿಯನ್ ಚಿತ್ರಪರಂಪರೆಯಿಂದ ಬಂದ ದೇವದೂತರು ಮೇಲಿದ್ದಾರೆ. ಮನೆಗಳು, ಮಸೀದಿ ಇವೆ. ಕೆಳಗೆ ತಾಯಿಯ ಮುಖವಿದೆ. ಇಂಥ ಚಿತ್ರದ ಬಗ್ಗೆ ಮಾತನಾಡುವವರು ಹಳೆಯ ಚಿತ್ರಗಳ ಬಾಗಿಲನ್ನೂ ತೆರೆಯಬೇಕಾಗುತ್ತದೆ. ಆಗ ಕೇಳುಗನಿಗೆ ಕಲಾವಿದನ ಜೀವನಚರಿತ್ರೆಗಿಂತ ಹೆಚ್ಚಿನದು ಸಿಗುತ್ತದೆ: ನೋಡುವ ದಾರಿ.

ನಮ್ಮಲ್ಲಿ ಭಾಷೆಯ ತೊಡಕು ಬೇರೆ ಇದೆ. ಬಿಜಾಪುರದಿಂದಲೋ ಗುಲ್ಬರ್ಗದಿಂದಲೋ ಬಂದ ಕಲಾವಿದ, ತಾಯಿಯೊಂದಿಗೆ ಕನ್ನಡ ಅಥವಾ ದಖನಿ ಮಾತನಾಡುವವನು, ಬೆಂಗಳೂರಿನ ಗ್ಯಾಲರಿಯಲ್ಲಿ ಮೈಕು ಹಿಡಿದೊಡನೆ ಕ್ಯಾಟಲಾಗಿನ ಇಂಗ್ಲಿಷಿಗೆ ಜಾರುತ್ತಾನೆ. ಕ್ಯಾನ್ವಾಸಿಗೆ ಅಸ್ತರು ಹೇಗೆ ಹಚ್ಚಿದೆ, ಯಾವ ಬಣ್ಣ ಎಲ್ಲಿ ಕೈಕೊಟ್ಟಿತು, ಯಾವುದನ್ನು ಅಳಿಸಿದೆ ಎಂಬುದನ್ನು ಅವನು ತನ್ನ ಮಾತಿನಲ್ಲೇ ಹೇಳಬಲ್ಲ. ಬಡಗಿಯೋ ದರ್ಜಿಯೋ ಕೇಳಿದರೂ ತಲೆದೂಗುವ ಸಂಗತಿಗಳಿವು.

ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ಹುಸೇನರ ಚಿತ್ರಗಳ ವಿರುದ್ಧ ಕೂಗಾಡಿದ ಎಷ್ಟೋ ಜನ ಆ ಚಿತ್ರಗಳನ್ನು ನೋಡಿಯೇ ಇರಲಿಲ್ಲ. ಬೇರೆಯವರು ಹೇಳಿದ ಅರ್ಥವೇ ಅವರಿಗೆ ಸಾಕಾಗಿತ್ತು. 2008ರಲ್ಲಿ ದೆಹಲಿ ಹೈಕೋರ್ಟು ತನ್ನ ಮುಂದಿದ್ದ ಮೊಕದ್ದಮೆಗಳನ್ನು ರದ್ದುಪಡಿಸಿದರೂ 2006ರಲ್ಲಿ ದೇಶ ಬಿಟ್ಟಿದ್ದ ಹುಸೇನರು ಮರಳಲಿಲ್ಲ. 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅರ್ಥವನ್ನು ಇನ್ನೊಬ್ಬರ ಬಾಯಿಂದ ಪಡೆಯುವ ಅಭ್ಯಾಸ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಗ್ಯಾಲರಿಯವರಲ್ಲಿ ಒಂದು ಕೋರಿಕೆ. ಕುರ್ಚಿಗಳ ಮುಖ ವೇದಿಕೆಯ ಕಡೆಗಲ್ಲ, ಚಿತ್ರಗಳ ಕಡೆಗಿರಲಿ. ಮೊದಲ ಹತ್ತು ನಿಮಿಷ ಯಾರೂ ಮಾತನಾಡದಿರಲಿ. ಬಳಿಕ ನೋಡಿದವರು ಕೇಳಲಿ, ಮಾಡಿದವರು ಹೇಳಲಿ.