ದಾರಿಬದಿಯ ದೊಡ್ಡಮನೆ

ಹೆಗ್ಗಡದೇವನಕೋಟೆಯ ಕಡೆ ಹುಟ್ಟಿ ಪಿರಿಯಾಪಟ್ಟಣಕ್ಕೆ ಸೊಸೆಯಾಗಿ ಹೋದ ನಮ್ಮ ಸೋದರತ್ತೆಗೆ ವಸ್ತುಸಂಗ್ರಹಾಲಯವೆಂದರೆ ಅರಮನೆ. ರಾಜರ ಕತ್ತಿ ಕಠಾರಿಗಳಿರುವ ಜಾಗ. ರಾಮನಗರದ ಬಳಿಯ ಜಾನಪದ ಲೋಕಕ್ಕೆ ಅವರನ್ನು ಕರೆದುಕೊಂಡು ಹೋದೆವು. ಒನಕೆ, ಬೀಸುವ ಕಲ್ಲು, ಅಳತೆಯ ಕೊಳಗಗಳನ್ನು ಕಂಡು ಅವರೆಂದರು: “ಇವೆಲ್ಲಾ ನಮ್ಮ ಅಟ್ಟದ ಮ್ಯಾಲೆ ಬಿದ್ದವೆ ಕಣಪ್ಪಾ. ಇದ ನೋಡಕ್ಕೆ ಇಷ್ಟು ದೂರ ಬಂದ್ವಾ?”

ನಾವು ನಕ್ಕೆವು. ಆದರೆ ವಿಮರ್ಶಕನು ಕೇಳಬೇಕಾದ ಪ್ರಶ್ನೆಯೂ ಅದೇ ಅಲ್ಲವೆ? ಅಟ್ಟದ ಮೇಲೆ ಹಾಳುಸಾಮಾನಾದದ್ದು ಇಲ್ಲಿ ನೋಡತಕ್ಕ ವಸ್ತುವಾದದ್ದು ಹೇಗೆ?

ಹುಣಸೂರು ರಸ್ತೆಯಲ್ಲಿ ಮೈಸೂರಿಗೆ ಬರುವವರಿಗೆ ಮೊದಲು ಸಿಕ್ಕುವುದು ಮಾನಸಗಂಗೋತ್ರಿ. ಅಲ್ಲಿನ ಜಯಲಕ್ಷ್ಮೀವಿಲಾಸದಲ್ಲಿ ವಿಶ್ವವಿದ್ಯಾನಿಲಯವು 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿತು. ಸಂಗ್ರಹ ಅಮೂಲ್ಯವಾದುದೇ. ಆದರೂ ಆ ಅರಮನೆಯ ಕಂಬಗಳ ನಡುವೆ ಹಳ್ಳಿಯ ಸಾಮಾನು, ಸಾಹುಕಾರರ ಮದುವೆಗೆ ಬಂದ ಒಕ್ಕಲಿನವನಂತೆ, ಕೊಂಚ ಸಂಕೋಚದಿಂದ ನಿಂತಿರುವಂತೆ ನಮಗೆ ತೋರುತ್ತದೆ.

ಜಾನಪದ ಲೋಕದಲ್ಲಿ ಈ ಸಂಕೋಚವಿಲ್ಲ. ಅದನ್ನು ಕಟ್ಟಿದ ಎಚ್. ಎಲ್. ನಾಗೇಗೌಡರು ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದೂ ಹಾಡು, ಕಥೆ, ಸಾಮಾನುಗಳ ಬೆನ್ನು ಹತ್ತಿದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. 1994ರಲ್ಲಿ ಹೆದ್ದಾರಿಯ ಪಕ್ಕದ 15 ಎಕರೆ ನೆಲದಲ್ಲಿ ಲೋಕವನ್ನು ತೆರೆದರು. ಒಬ್ಬ ಮನುಷ್ಯನ ಹಟ, ಹುಚ್ಚು, ಪ್ರೀತಿ ಮೂರೂ ಅಲ್ಲಿ ಕಾಣುತ್ತವೆ. ಅವರು ಕಾದಂಬರಿಕಾರರೂ ಹೌದು. ‘ದೊಡ್ಡಮನೆ’ ಅವರ ಕಾದಂಬರಿಯ ಹೆಸರು. ಲೋಕದೊಳಗಿನ ಒಂದು ಮನೆಗೂ ಅದೇ ಹೆಸರಿಟ್ಟರು.

ನಮ್ಮ ಮಟ್ಟಿಗೆ ಇಡೀ ಲೋಕದ ಸತ್ತ್ವವಿರುವುದು ಆ ಮನೆಯಲ್ಲಿಯೇ. ಲೋಕಮಹಲಿನಲ್ಲಿ ವಸ್ತುಗಳು ಹೆಚ್ಚು, ವೈವಿಧ್ಯವೂ ಹೆಚ್ಚು. ಆದರೆ ಸಾಲಾಗಿ ನಿಂತ ವಸ್ತು ನಿಘಂಟಿನ ಶಬ್ದದಂತೆ. ಅರ್ಥವಿದೆ, ಮಾತಿಲ್ಲ. ಮನೆಯ ಆವರಣದೊಳಗೆ ಬಂದಾಗ ಅದೇ ವಸ್ತು ವಾಕ್ಯವಾಗುತ್ತದೆ. ಅತ್ತೆಯವರು ಲೋಕಮಹಲಿನಲ್ಲಿ ಹೊರಡುವ ಆತುರ ತೋರಿದರು, ದೊಡ್ಡಮನೆಯಲ್ಲಿ ಕುಳಿತುಬಿಟ್ಟರು.

ಒಂದು ಕೊರತೆಯನ್ನು ಹೇಳದೆ ಇರಲಾರೆವು. ಅತ್ತೆಯವರು ಬೀಸುವ ಕಲ್ಲಿನ ಮೇಲೆ ಬೆರಳಾಡಿಸಿ, “ಇದಕ್ಕೆ ಉಳಿ ಬಿದ್ದು ಎಷ್ಟು ವರ್ಷ ಆಯ್ತೋ!” ಎಂದರು. ಬೀಸಿ ಬೀಸಿ ನುಣುಪಾದ ಕಲ್ಲಿಗೆ ಮತ್ತೆ ಉಳಿಯಿಂದ ಒರಟು ಕೊಡಿಸದಿದ್ದರೆ ರಾಗಿ ಹಿಟ್ಟಾಗದು. ಕೈ ಓಡಿಸಿದವರಿಗಷ್ಟೇ ತಿಳಿಯುವ ಸಂಗತಿಯಿದು. ಮತ್ತೆ ಅವರು ಮೆಲ್ಲಗೆ ಬೀಸುವ ಪದವೊಂದನ್ನು ಗುನುಗಿದರು; ಎರಡು ಸಾಲಿಗೆ ನಿಂತಿತು. ಕೈಗೆ ಗೂಟವಿಲ್ಲದೆ ಪದ ಬರುವುದಿಲ್ಲವಂತೆ. ಹಾಡನ್ನು ಪುಸ್ತಕದಲ್ಲಿಯೂ ಕಲ್ಲನ್ನು ಮಂಟಪದಲ್ಲಿಯೂ ಇಟ್ಟು ಎರಡನ್ನೂ ಉಳಿಸಿದೆವೆಂದು ತಿಳಿಯುವುದು ಅರ್ಧಸತ್ಯ. ಇಂಥ ಕಡೆ ಒಂದು ಕಲ್ಲಾದರೂ ಬಂದವರ ಕೈಗೆ ಸಿಕ್ಕಿ ತಿರುಗುತ್ತಿರಬೇಕು.

ದಾರಿಬದಿಯ ಈ ಲೋಕಕ್ಕೆ ಈಗ ದಾರಿಯೇ ದೂರವಾಗಿದೆ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಹೋಗುತ್ತದೆ. ಕಾಫಿಗೆಂದು ನಿಂತವರು ಲೋಕದೊಳಕ್ಕೂ ಇಣುಕಿ ಬರುತ್ತಿದ್ದ ಕಾಲ ಹೋಯಿತು. ಈಗ ಬೇಕೆಂದೇ ಹಳೆಯ ರಸ್ತೆಗೆ ಇಳಿಯಬೇಕು. ಕೃಷ್ಣರಾಜನಗರ, ಹುಣಸೂರುಗಳಿಂದ ಹೋಗುವ ವಾಚಕರು ಈ ತಿರುವನ್ನು ಮರೆಯಬಾರದು.

ಎರಡು ದಿನದ ಮೇಲೆ ಪಿರಿಯಾಪಟ್ಟಣದಿಂದ ಅತ್ತೆಯವರ ದೂರವಾಣಿ ಬಂತು. ಅಟ್ಟ ಹುಡುಕಿಸಿದರಂತೆ. ಮೇಲಿನ ಕಲ್ಲು ಅಲ್ಲಿತ್ತು. ಕೆಳಗಿನದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಗೂಟ ಮಾತ್ರ ಸಿಕ್ಕಲಿಲ್ಲ.